ಸರ್ವರಿನ ಬಾಗಿಲು ಯಾರಿಗೆ ತೆರೆಯಬೇಕು?

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೂ ಊಟಿಗೂ ಹೋಗುವ ಹೆದ್ದಾರಿಗಳು ಬಂಡೀಪುರದ ಕಾಡನ್ನು ಹಾಯುತ್ತವೆ. 2009ರಲ್ಲಿ ಅಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು ನಿಷೇಧಿಸಲಾಯಿತು. ತುರ್ತು ವಾಹನಗಳಿಗೂ ಗೊತ್ತುಮಾಡಿದ ಕೆಲವು ಬಸ್ಸುಗಳಿಗೂ ಮಾತ್ರ ವಿನಾಯಿತಿ ದೊರೆಯಿತು. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಇಂಥ ವಿವೇಕವೇ ಕಂಪ್ಯೂಟರ್ ಜಾಲದ ‘ಪೋರ್ಟ್ ಫಾರ್ವರ್ಡಿಂಗ್’ ವಿಧಾನದ ತಿರುಳಾಗಿದೆ.

ಚಾಮರಾಜನಗರದ ವಿದ್ಯಾರ್ಥಿಯೊಬ್ಬನು ತನ್ನೂರಿನ ಮಳೆಯ ಅಳತೆಗಳನ್ನು ಮನೆಯ ಸರ್ವರಿನಲ್ಲಿ ಇರಿಸಿದ್ದಾನೆಂದೂ ಗುಂಡ್ಲುಪೇಟೆಯ ಗೆಳೆಯನು ಅವನ್ನು ನೋಡಬಯಸುತ್ತಾನೆಂದೂ ಭಾವಿಸೋಣ. ಸರ್ವರಿನ ವಿಳಾಸ 192.168.1.10. ಇದು ಮನೆಯೊಳಗೆ ಮಾತ್ರ ಸಲ್ಲುವ ವಿಳಾಸ. ಇದೇ ಸಂಖ್ಯೆ ಬೇರೆ ಎಷ್ಟೋ ಮನೆಗಳಲ್ಲಿಯೂ ಉಂಟು. ಹೊರಗೆ ಕಾಣುವುದು ರೌಟರಿನ ಸಾರ್ವಜನಿಕ ವಿಳಾಸವೊಂದೇ. ಹೊರಗಿನಿಂದ ಬಂದ ಕೋರಿಕೆಯನ್ನು ಯಾರಿಗೆ ಒಪ್ಪಿಸಬೇಕೆಂದು ತಿಳಿಯದ ರೌಟರು ಅದನ್ನು ಕೈಬಿಡುತ್ತದೆ. ಪ್ರತಿಯೊಂದು ವಿಳಾಸಕ್ಕೂ 0ಯಿಂದ 65,535ರವರೆಗೆ ಪೋರ್ಟುಗಳೆಂಬ ಸಂಖ್ಯೆಗಳಿರುತ್ತವೆ. ‘443ನೆಯ ಪೋರ್ಟಿಗೆ ಬಂದುದನ್ನು ಆ ಸರ್ವರಿಗೆ ದಾಟಿಸು’ ಎಂದು ರೌಟರಿಗೆ ನಿಯಮವಿತ್ತು, ಸರ್ವರಿನ ಒಳವಿಳಾಸವು ಬದಲಾಗದಂತೆ ನೋಡಿಕೊಂಡರೆ ದಾರಿ ತೆರೆಯುತ್ತದೆ.

ಆದರೆ ಗೆಳೆಯನಿಗೆ ತೆರೆದ ಬಾಗಿಲು ಕಳ್ಳನಿಗೂ ತೆರೆದೇ ಇರುತ್ತದೆ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು 23ನೆಯ ಪೋರ್ಟನ್ನು ತೆರೆದಿಟ್ಟುಕೊಂಡು ಕಾರ್ಖಾನೆಯ ಗುಪ್ತಪದವನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡಿತು. ಆದುದರಿಂದ ಬೇಕಾದ ಒಂದೇ ಪೋರ್ಟನ್ನು ತೆರೆಯಬೇಕು, ಬಲವಾದ ಗುಪ್ತಪದವಿರಬೇಕು, ತಂತ್ರಾಂಶವನ್ನು ಆಗಾಗ ನವೀಕರಿಸಬೇಕು, ಕೆಲಸ ಮುಗಿದೊಡನೆ ನಿಯಮವನ್ನು ಅಳಿಸಬೇಕು.

ಇನ್ನೊಂದು ತೊಡಕೂ ಉಂಟು. 32 ಬಿಟ್ಟುಗಳ ಹಳೆಯ ಪದ್ಧತಿಯಲ್ಲಿರುವುದು ಸುಮಾರು 430 ಕೋಟಿ ವಿಳಾಸಗಳು. ಅವುಗಳ ಜಾಗತಿಕ ಭಂಡಾರವು 2011ರ ಫೆಬ್ರವರಿಯಲ್ಲಿಯೇ ಬರಿದಾಯಿತು. ತತ್ಪರಿಣಾಮವಾಗಿ ಅನೇಕ ಸೇವಾಸಂಸ್ಥೆಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ಹಂಚುವ ಯಂತ್ರ ಸಂಸ್ಥೆಯ ಕೈಯಲ್ಲಿರುವುದರಿಂದ ಮನೆಯ ರೌಟರಿನಲ್ಲಿ ಬರೆದ ನಿಯಮ ವ್ಯರ್ಥವಾಗುತ್ತದೆ. ರೌಟರಿನ ಹೊರವಿಳಾಸವು 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾದರೆ ಸ್ಥಿತಿ ಹೀಗಿದೆಯೆಂದು ತಿಳಿಯಬಹುದು. 128 ಬಿಟ್ಟುಗಳ ಐಪಿವಿ6 ಪದ್ಧತಿಯಲ್ಲಿ ಪ್ರತಿ ಯಂತ್ರಕ್ಕೂ ಸ್ವಂತ ಸಾರ್ವಜನಿಕ ವಿಳಾಸ ದೊರೆಯುವುದು ಸಾಧ್ಯ. ಅಲ್ಲಿ ದಾಟಿಸುವ ನಿಯಮ ಬೇಡ, ಕಾವಲಿನ ಅನುಮತಿಯೊಂದೇ ಸಾಕು.

ಬಾಡಿಗೆಗೆ ಸರ್ವರು ಸಿಗುವಾಗ ಇಷ್ಟು ಶ್ರಮವೇಕೆಂದು ಕೆಲವರು ಕೇಳಬಹುದು. ವ್ಯಾಪಾರಕ್ಕೆ ಆ ಮಾತು ಸರಿ. ವಿದ್ಯೆಗೆ ಅದು ಸಲ್ಲದು. ಬರಿಯ ವಾಚಕನಾಗಿರುವುದಕ್ಕೂ ತಾನೇ ಪ್ರಕಟಿಸಬಲ್ಲವನಾಗುವುದಕ್ಕೂ ಇರುವ ಅಂತರ ದೊಡ್ಡದು. ಸಣ್ಣ ಊರಿನ ತರುಣರು ಪರರು ಬಡಿಸಿದ್ದನ್ನಷ್ಟೇ ಉಣ್ಣುವವರಾಗಬಾರದು. ಒಳಬರುವ ಸಂಪರ್ಕ ಸಾಧ್ಯವೋ ಇಲ್ಲವೋ ಎಂಬುದನ್ನು ಸೇವಾಸಂಸ್ಥೆಗಳು ಹಣ ಪಡೆಯುವ ಮೊದಲೇ ತಿಳಿಸಬೇಕು. ಪ್ರತಿ ಕಾಲೇಜೂ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಒಂದು ಸರ್ವರನ್ನು ವಿದ್ಯಾರ್ಥಿಗಳ ಕೈಗೆ ಒಪ್ಪಿಸಬೇಕು. ಬಾಗಿಲನ್ನು ತೆರೆಯುವ ವಿದ್ಯೆಯೂ ಮುಚ್ಚುವ ಎಚ್ಚರವೂ ಒಟ್ಟಿಗೇ ಅಭ್ಯಾಸವಾಗಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.