ಪೂಣಚ್ಚನವರ ಪೀಠತ್ಯಾಗವೂ ಕೊಡಗಿನ ಕಾಡೂ

ತಾನು ಕುಳಿತ ಪೀಠವನ್ನು ತಾನೇ ತೆಗೆದಿಡಲು ಸಮ್ಮತಿಸುವ ರಾಜಕಾರಣಿ ಯಾವ ಕಾಲದಲ್ಲಿಯೂ ವಿರಳ. ಕೊಡಗಿನ ಮುಖ್ಯಮಂತ್ರಿಗಳಾಗಿದ್ದ ಶ್ರೀಮಾನ್ ಸಿ. ಎಂ. ಪೂಣಚ್ಚನವರು ಅಂತಹ ವಿರಳರಲ್ಲೊಬ್ಬರು. ಅವರ ತ್ಯಾಗಕ್ಕೆ ಕನ್ನಡ ನಾಡು ಸಲ್ಲಿಸಬೇಕಾದ ಋಣವು ಇನ್ನೂ ತೀರಿಲ್ಲವೆಂಬುದೇ ನಮ್ಮ ಅಭಿಪ್ರಾಯ.

ಸ್ವಾತಂತ್ರ್ಯ ಸಂಗ್ರಾಮದಲ್ಲಿ ಸೆರೆವಾಸವನ್ನನುಭವಿಸಿ, ಸಂವಿಧಾನ ಸಭೆಯಲ್ಲಿ ಕೊಡಗಿನ ಪ್ರತಿನಿಧಿಯಾಗಿದ್ದ ಪೂಣಚ್ಚನವರು 1952ರ ಮಾರ್ಚ್ ತಿಂಗಳಲ್ಲಿ ಅಧಿಕಾರ ವಹಿಸಿದರು. 24 ಸ್ಥಾನಗಳ ಶಾಸನ ಸಭೆಯಲ್ಲಿ ಕಾಂಗ್ರೆಸಿಗೆ 15 ಸ್ಥಾನಗಳು ದೊರೆತಿದ್ದವು. ಮಂತ್ರಿಮಂಡಲವೆಂದರೆ ಅವರೂ ಶ್ರೀ ಕೆ. ಮಲ್ಲಪ್ಪನವರೂ ಇಬ್ಬರೇ. ಎದುರಿಗೆ ಪಂದ್ಯಂಡ ಬೆಳ್ಳಿಯಪ್ಪನವರ ತಕ್ಕಡಿ ಪಕ್ಷವು ಕೊಡಗು ಪ್ರತ್ಯೇಕವಾಗಿಯೇ ಉಳಿಯಬೇಕೆಂದು ವಾದಿಸುತ್ತಿತ್ತು. ಬೆಳ್ಳಿಯಪ್ಪನವರೂ ಗಾಂಧೀ ಮಾರ್ಗದವರೇ. ಅವರ ವಾದವು ಸ್ವಾರ್ಥದಿಂದ ಹುಟ್ಟಿದುದಲ್ಲ. ಆದರೂ 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಲೀನವಾಯಿತು. ಮುಖ್ಯಮಂತ್ರಿಯ ಪದವಿಯೇ ಇಲ್ಲವಾಯಿತು. ಪೂಣಚ್ಚನವರು ಮುಂದೆ ಕೇಂದ್ರದ ರೈಲ್ವೆ ಮಂತ್ರಿಗಳೂ, ಮಧ್ಯಪ್ರದೇಶ ಹಾಗೂ ಒರಿಸ್ಸಾಗಳ ರಾಜ್ಯಪಾಲರೂ ಆದರು. ಕೊಡಗಿಗೆ ಆ ಸಭೆಯು ಮರಳಿ ಬರಲಿಲ್ಲ.

ಪರಿಸರ ಖಾತೆಯೆಂಬ ಹೆಸರೇ ಅಂದು ಹುಟ್ಟಿರಲಿಲ್ಲ. ಆದರೆ ಕಾಡಿತ್ತು, ಹೊಳೆಯಿತ್ತು, ಅವುಗಳ ವಿಚಾರ ನಿರ್ಣಯಿಸುವ ಸರಕಾರವು ಮಡಿಕೇರಿಯಲ್ಲಿಯೇ ಇತ್ತು. ಹತ್‌ಗಟ್, ಅರ್ಕೇರಿ ಮೊದಲಾದ ಕಾಡುಗಳು ನಾಗರಹೊಳೆಯ ವನ್ಯಜೀವಿ ಧಾಮವೆಂದು ಘೋಷಿತವಾದುದು 1955ರಲ್ಲಿ, ಅಂದರೆ ಕೊಡಗು ತನ್ನದೇ ರಾಜ್ಯವಾಗಿದ್ದಾಗ. ಇಂದು ನಾಡಿನ ಹೆಮ್ಮೆಯಾಗಿರುವ ಆ ಅಭಯಾರಣ್ಯದ ಬೀಜವು ಹೀಗೆ ಆ ಪುಟ್ಟ ರಾಜ್ಯದ ಕಾಲದಲ್ಲಿಯೇ ಬಿದ್ದಿತು.

ಹಾಗೆಂದು ಹಳೆಯದೆಲ್ಲವೂ ಸತ್ಯಯುಗವಾಗಿತ್ತೆಂದು ನಾವು ಹೇಳಲಾರೆವು. ಕೊಡಗಿನ ದೇವರಕಾಡುಗಳು 1905ರಲ್ಲಿ 15,506 ಎಕರೆಯಷ್ಟಿದ್ದವು. 1985ರ ವೇಳೆಗೆ 6,299 ಎಕರೆಗೆ ಇಳಿದಿದ್ದವು. ಈ ಎಂಬತ್ತು ವರ್ಷಗಳಲ್ಲಿ ಆಂಗ್ಲರ ಆಳ್ವಿಕೆಯೂ ಇತ್ತು, ಸ್ವಂತ ರಾಜ್ಯವೂ ಇತ್ತು, ಮೈಸೂರೂ ಕರ್ನಾಟಕವೂ ಇದ್ದವು. ದೇವರ ಹೆಸರಿನ ಮರಕ್ಕೂ ಕೊಡಲಿ ಬಿದ್ದಿತೆಂದಮೇಲೆ ಪ್ರತ್ಯೇಕ ರಾಜ್ಯವೊಂದೇ ಸರ್ವರೋಗಕ್ಕೆ ಮದ್ದೆಂಬುದು ಭ್ರಮೆ. ವಿಲೀನವು ಸರಿಯಾಗಿತ್ತೆಂದೇ ನಾವು ನಂಬಿದ್ದೇವೆ.

ಆದರೆ ಕೂಡಿದ ಮೇಲೆ ಹಿರಿಯಣ್ಣನಿಗೆ ಕರ್ತವ್ಯವಿಲ್ಲವೇ? ಅಂದು 24 ಮಂದಿ ಶಾಸಕರಿದ್ದ ನಾಡಿಗೆ ಇಂದು 224 ಸ್ಥಾನಗಳ ವಿಧಾನಸಭೆಯಲ್ಲಿ ಎರಡೇ ಸ್ಥಾನ: ಮಡಿಕೇರಿ ಮತ್ತು ವಿರಾಜಪೇಟೆ. ತಲಕಾವೇರಿಯಲ್ಲಿ ಹುಟ್ಟಿದ ನೀರನ್ನು ಬಯಲಿನ ಗದ್ದೆಗಳೂ ಬೆಂಗಳೂರಿನ ನಲ್ಲಿಗಳೂ ಕುಡಿಯುತ್ತವೆ. 2018ರ ಆಗಸ್ಟಿನಲ್ಲಿ ಜೋಡುಪಾಳ, ಮಕ್ಕಂದೂರುಗಳ ಗುಡ್ಡಗಳು ಜರಿದುಬಿದ್ದವು. 2020ರ ಆಗಸ್ಟಿನಲ್ಲಿ ಸ್ವತಃ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿಯಿತು. ನೀರು ಎಲ್ಲರದು, ಕುಸಿತ ಮಾತ್ರ ಕೊಡಗಿನದು ಎಂಬ ಹಂಚಿಕೆ ಯಾವ ನ್ಯಾಯ?

ಪಶ್ಚಿಮಘಟ್ಟಗಳ ಸೂಕ್ಷ್ಮ ಪ್ರದೇಶಗಳನ್ನು ಕುರಿತ ಕೇಂದ್ರದ ಕರಡು ಅಧಿಸೂಚನೆಗಳು 2014ರಿಂದ ಮತ್ತೆ ಮತ್ತೆ ಹೊರಟಿವೆ. ಬೆಳೆಗಾರನಿಗೆ ಅವುಗಳಲ್ಲಿ ಭೂಮಿ ಹೋದೀತೆಂಬ ಭಯ. ಕಾಡಿನ ಕುರುಬನಿಗೆ ತಲೆಮಾರುಗಳ ನೆಲೆ ತಪ್ಪೀತೆಂಬ ಭಯ. ಈ ಭಯವನ್ನು ಕೇಳಿಸಿಕೊಳ್ಳದೆ ಹೊರಡುವ ಆಜ್ಞೆ ಕಾಡನ್ನು ಉಳಿಸದು; ಭಯವನ್ನೇ ನೆಪಮಾಡಿ ಗುಡ್ಡ ಕಡಿಯಲು ಬಿಡುವ ಔದಾರ್ಯವು ಊರನ್ನು ಉಳಿಸದು.

ಆದುದರಿಂದ ಅರಣ್ಯ ಹಾಗೂ ಪರಿಸರ ಖಾತೆಗಳ ಹೊಣೆ ಹೊತ್ತವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಪ್ರತಿವರ್ಷ ಮುಂಗಾರಿಗೆ ಮುನ್ನ ಅವರು ಮಡಿಕೇರಿಗೆ ಬಂದು ಕುಳಿತು, ಬೆಳೆಗಾರರನ್ನೂ ಕಾಡಿನ ಜನರನ್ನೂ ದೇವರಕಾಡಿನ ತಕ್ಕರನ್ನೂ ಒಂದೇ ಚಾವಡಿಯಲ್ಲಿ ಕೇಳಲಿ, ಗುಡ್ಡ ಕಡಿಯುವ ಅಪ್ಪಣೆ ಕೊಡುವ ಮೊದಲು ಅದರ ಕೆಳಗೆ ವಾಸಿಸುವವರ ಮಾತನ್ನು ಬರೆದುಕೊಳ್ಳಲಿ. ಒಬ್ಬ ಮುಖ್ಯಮಂತ್ರಿ ತನ್ನ ಪೀಠವನ್ನೇ ಬಿಟ್ಟುಕೊಟ್ಟ ನಾಡಿಗೆ ವರ್ಷಕ್ಕೊಂದು ವಾರ ಕೊಡುವುದು ಭಾರವಾದೀತೇ?