‘ಫ್ರೀ ಟೆಸ್ಟೋಸ್ಟೆರಾನ್’ ಕಡಿಮೆ ಇದ್ದರೆ ಇಂಜೆಕ್ಷನ್ ಬೇಕೇ? ರಿಪೋರ್ಟ್ ಓದುವ ಮುನ್ನ ತಿಳಿಯಿರಿ

‘ಉಚಿತ ಟೆಸ್ಟೋಸ್ಟೆರಾನ್ ಕಡಿಮೆಯಾದರೆ ಗಂಡಸುತನ ಹೋಯಿತು, ಇಂಜೆಕ್ಷನ್ ತಗೊಳ್ಳಿ’ ಎಂಬ ಧಾಟಿಯ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿರುತ್ತವೆ. ‘ಉಚಿತ’ ಎಂಬುದು ಮೊಬೈಲ್ ಅನುವಾದದ ಕರಾಮತ್ತು. ಇಲ್ಲಿ ಫ್ರೀ ಎಂದರೆ ಪುಕ್ಕಟೆ ಅಲ್ಲ, ಯಾವುದಕ್ಕೂ ಅಂಟಿಕೊಳ್ಳದೆ ಬಿಡುವಾಗಿರುವುದು ಎಂದರ್ಥ.

ಹೊಸಪೇಟೆಯಿಂದ ಕೊಟ್ಟೂರಿಗೆ ಹೊರಟ ಬಸ್ಸು ಹಗರಿಬೊಮ್ಮನಹಳ್ಳಿಯಲ್ಲಿ ನಿಂತಿದೆ ಎಂದುಕೊಳ್ಳಿ. ಟೆಸ್ಟೋಸ್ಟೆರಾನ್ ಅದರ 100 ಪ್ರಯಾಣಿಕರು. ಅರ್ಧದಷ್ಟು ಜನ ಎಸ್‌ಎಚ್‌ಬಿಜಿ ಎಂಬ ಪ್ರೋಟೀನಿನ ಸೀಟು ಬಿಟ್ಟು ಏಳುವುದಿಲ್ಲ. ಉಳಿದವರಲ್ಲಿ ಹೆಚ್ಚಿನವರು ಆಲ್ಬುಮಿನ್ ಎಂಬ ಇನ್ನೊಂದು ಪ್ರೋಟೀನನ್ನು ಸಡಿಲವಾಗಿ ಹಿಡಿದು ಬಾಗಿಲ ಬಳಿ ನಿಂತಿದ್ದಾರೆ. ಕೆಳಗಿಳಿದು ಊರೊಳಗೆ ಹೋದವರು ಎರಡೋ ಮೂರೋ ಜನ. ಅವರೇ ಫ್ರೀ ಟೆಸ್ಟೋಸ್ಟೆರಾನ್.

ಜೀವಕೋಶದೊಳಗೆ ಸುಲಭವಾಗಿ ನುಗ್ಗಿ ಕೆಲಸ ಮಾಡುವುದು ಈ ಭಾಗ. ಸ್ನಾಯು, ಮೂಳೆ, ಕೆಂಪು ರಕ್ತಕಣ, ಕಾಮಾಸಕ್ತಿ, ಗಡ್ಡಮೀಸೆ ಎಲ್ಲಕ್ಕೂ ಇದು ಬೇಕು. ಹೆಂಗಸರಲ್ಲೂ ಸ್ವಲ್ಪ ಇರುತ್ತದೆ. ಪಿಸಿಒಎಸ್ ಇರುವ ಹಲವರಲ್ಲಿ ಇದು ಏರಿ ಮೊಡವೆ, ಮುಖದ ಮೇಲೆ ಕೂದಲು ಕಾಣಿಸುತ್ತವೆ. (ಬೋಳುತಲೆಯವರಲ್ಲಿ ಇದು ಜಾಸ್ತಿ ಎಂಬ ಮಾತೂ ಇದೆ. ಅಲ್ಲಿ ಮುಖ್ಯವಾದದ್ದು ಕೂದಲ ಬುಡದ ಸೂಕ್ಷ್ಮತೆ.)

ಗೊಂದಲ ಶುರುವಾಗುವುದು ಲ್ಯಾಬ್ ರಿಪೋರ್ಟಿನಲ್ಲಿ. ಬೊಜ್ಜು, ಟೈಪ್ 2 ಸಕ್ಕರೆ ಕಾಯಿಲೆ ಇದ್ದರೆ ಬಸ್ಸಿನ ಸೀಟುಗಳೇ, ಅಂದರೆ ಎಸ್‌ಎಚ್‌ಬಿಜಿಯೇ ಕಡಿಮೆಯಾಗುತ್ತದೆ. ಆಗ ‘ಟೋಟಲ್’ ಕಡಿಮೆ ತೋರಿದರೂ ಫ್ರೀ ಸರಿಯಾಗಿಯೇ ಇರಬಹುದು. ವಯಸ್ಸಾದಂತೆ ಇದು ತಿರುವುಮುರುವು: ಸೀಟು ಹೆಚ್ಚಿ, ಟೋಟಲ್ ಚೆನ್ನಾಗಿ ಕಂಡರೂ ಫ್ರೀ ಇಳಿದಿರಬಹುದು. ಹೊತ್ತೂ ಮುಖ್ಯ. ಈ ಹಾರ್ಮೋನ್ ಬೆಳಿಗ್ಗೆ ಹೆಚ್ಚು, ಸಂಜೆಗೆ ಕಡಿಮೆ. ಹಾಗಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ರಕ್ತ ಕೊಡಬೇಕು. ಫ್ರೀಯನ್ನು ನೇರವಾಗಿ ಅಳೆಯುವ ಮಾಮೂಲಿ ಕಿಟ್‌ಗಳ ಮೇಲೆ ತಜ್ಞರಿಗೆ ಭರವಸೆ ಕಡಿಮೆ. ಟೋಟಲ್, ಎಸ್‌ಎಚ್‌ಬಿಜಿ, ಆಲ್ಬುಮಿನ್ ಮೂರನ್ನೂ ಅಳೆದು ಲೆಕ್ಕ ಹಾಕುವುದು ವಾಸಿ.

ಇನ್ನು ಇಂಜೆಕ್ಷನ್. ಮದುವೆಯಾಗಿ ಮಕ್ಕಳಾಗಿಲ್ಲ ಎಂದು ಫಾರ್ವರ್ಡ್ ನಂಬಿ, ಜಿಮ್ಮಿನವರ ಮಾತು ಕೇಳಿ ಇದನ್ನು ಹಾಕಿಸಿಕೊಳ್ಳುವವರಿಗೆ ಯಾರೂ ಹೇಳದ ಸಂಗತಿ ಇದು: ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ, ಇಲ್ಲಿ ಸಾಕಷ್ಟಿದೆ ಎಂದುಕೊಂಡು ಮೆದುಳು ವೃಷಣಗಳಿಗೆ ಕಳಿಸುವ ಸಂಕೇತ ನಿಲ್ಲಿಸುತ್ತದೆ. ವೀರ್ಯಾಣು ಉತ್ಪಾದನೆ ಕುಸಿಯುತ್ತದೆ, ಕೆಲವರಲ್ಲಿ ಪೂರ್ತಿ ನಿಲ್ಲುತ್ತದೆ. ರಕ್ತ ದಪ್ಪವಾಗುವ ಅಪಾಯ ಬೇರೆ. ಇಂಜೆಕ್ಷನ್ ಬಿಟ್ಟ ಮೇಲೂ ವೀರ್ಯಾಣು ಮೊದಲಿನಂತಾಗಲು ಹಲವು ತಿಂಗಳು, ಕೆಲವರಿಗೆ ವರ್ಷಕ್ಕೂ ಹೆಚ್ಚು ಬೇಕು. ಮಗು ಬೇಕು ಎಂದು ಬಂದವರಿಗೆ ಹಾರ್ಮೋನ್ ತಜ್ಞರು ಇದನ್ನು ಬರೆದುಕೊಡದಿರುವುದು ಈ ಕಾರಣಕ್ಕೇ.