ಮಗನ ಆಟ, ಅವ್ವನ ಚೀಟಿ ರೊಕ್ಕ



ಈ ಸಲ ಉಪ್ಪಿನಕಾಯಿ, ಹಪ್ಪಳ ಬದಿಗಿಟ್ಟು ಬೇರೆ ಮಾತು ಆಡೋಣ. ಸುರಪುರದ ಸೋದರಿಯೊಬ್ಬರು ಬರೆದಿದ್ದಾರೆ: “ಅಕ್ಕಾ, ಮಗ ಪಿಯುಸಿ ಪಾಸಾದ. ಆಟ ಆಡಲಿಕ್ಕೆ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ಬೇಕಂತ ಗಂಟುಬಿದ್ದಾನ. ನನ್ನ ಹತ್ರ ಚೀಟಿ ರೊಕ್ಕ 25 ಸಾವಿರ ಅದ. ಮನಿಯವರಿಗೆ ಹೇಳಿಲ್ಲ. ಕೊಡಿಸಿದ್ರ ನಾಕೈದು ವರ್ಷ ಬಾಳಿಕಿ ಬರ್ತದೇನು?”

ಪತ್ರ ಓದಿ ನನಗೆ ನಗುವೂ ಬಂತು, ಸಂಕಟವೂ ಆಯಿತು. ಇದೇ ಕಥೆ ಶಹಾಪುರದ ನಮ್ಮ ಮನೆಯಲ್ಲಿ ಒಮ್ಮೆ ನಡೆದುಹೋಗಿದೆ. ನಾನು ಬ್ಲೌಸ್ ಹೊಲಿದು ಕೂಡಿಟ್ಟ 9 ಸಾವಿರವನ್ನು ಯಜಮಾನರಿಗೆ ತಿಳಿಸದೆ ಮಗನ ಕೈಗೆ ಕೊಟ್ಟೆ. “ಅವ್ವಾ, ಅರ್ಧ ಬೆಲಿಗೆ ಸಿಕ್ಕದ” ಎಂದು ಯಾರೋ ಬಳಸಿದ ಕಾರ್ಡು ತಂದ. ಬಿಲ್ಲಿಲ್ಲ, ಗ್ಯಾರಂಟಿ ಇಲ್ಲ. ಮೂರು ತಿಂಗಳಿಗೆ, ಮೇ ತಿಂಗಳ ಒಂದು ಮಧ್ಯಾಹ್ನ, ಪರದೆ ಕಪ್ಪಾಯಿತು. ಯಾದಗಿರಿಗೆ ಒಯ್ದು ತೋರಿಸಿದರೆ, ಕಾರ್ಡಿನ ಫ್ಯಾನು ಧೂಳು ತುಂಬಿ ಸಿಕ್ಕಿಕೊಂಡಿತ್ತು. ಕರೆಂಟು ಕೊಡುವ ಎಸ್‌ಎಂಪಿಎಸ್ ಕೂಡ ತೀರಾ ಅಗ್ಗದ್ದು. ಅಗ್ಗ ಸಿಕ್ಕಿತೆಂದು ಮುಗ್ಗಲು ಜೋಳ ಕೊಂಡಂತಾಯಿತು! ಮಗ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ರೊಕ್ಕ ಹೋದದ್ದಕ್ಕಿಂತ, ಮನೆಯವರ ಎದುರು ನಾನು ತಲೆ ತಗ್ಗಿಸಿ ನಿಂತದ್ದೇ ಹೆಚ್ಚು ನೋವಾಯಿತು.

ಆಮೇಲೆ ಹಟ ಹಿಡಿದೆ. ನಾನೇನೂ ಹೆಚ್ಚು ಓದಿದವಳಲ್ಲ, ಹೈಸ್ಕೂಲು ಮುಗಿಸಿದವಳು. ಆದರೆ ಸೀರೆಯ ಬಣ್ಣ ಹೋಗುತ್ತದೋ ಇಲ್ಲವೋ ಎಂದು ನಾಲ್ಕು ಅಂಗಡಿ ತಿರುಗಿ ಕೇಳುವ ನಮಗೆ ಇದೇನು ಮಹಾ? ಮಗನ ಪಕ್ಕ ಕುಳಿತು ಒಂದೊಂದೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದನ್ನೇ ನಿಮಗೆ ಹೇಳುತ್ತೇನೆ.

ಸುರಪುರದ ಸೋದರಿ, ನಿಮ್ಮೂರು ಗರುಡಾದ್ರಿ ಚಿತ್ರಕಲೆಗೆ ಹೆಸರಾದ ಊರು. ಅಲ್ಲಿಯ ಕಲಾವಿದರು ಒಂದು ಚಿತ್ರಕ್ಕೆ ಎಷ್ಟೋ ದಿನ ಕುಳಿತುಕೊಳ್ಳುತ್ತಿದ್ದರು. ಗ್ರಾಫಿಕ್ಸ್ ಕಾರ್ಡೂ ಚಿತ್ರಗಾರನೇ, ಆದರೆ ಆಟ ಸರಾಗವಾಗಿ ಕಾಣಬೇಕಾದರೆ ಸೆಕೆಂಡಿಗೆ 60ರಷ್ಟು ಚಿತ್ರ ಬರೆದು ಪರದೆಗೆ ಕಳಿಸಬೇಕು!

ಆದ್ದರಿಂದ ಮೊದಲು ಮಗನನ್ನು ಕೇಳಿ: “ಯಾವ ಆಟ ಆಡ್ತೀಯಪ್ಪಾ?” ವ್ಯಾಲರೆಂಟ್‌ನಂಥ ಹಗುರ ಆಟಕ್ಕೆ ಕಂಪ್ಯೂಟರಿನೊಳಗೇ ಇರುವ ಚಿಕ್ಕ ಗ್ರಾಫಿಕ್ಸ್ ಎಷ್ಟೋ ಸಲ ಸಾಕಾಗುತ್ತದೆ. ಹಾಗಿದ್ದರೆ ಚೀಟಿ ರೊಕ್ಕ ಮುಟ್ಟಬೇಡಿ. ಹೊಸ ಹೊಸ ದೊಡ್ಡ ಆಟಗಳೇ ಬೇಕೆಂದರೆ ಮಾತ್ರ ಮುಂದಿನ ಮಾತು.

ಬಾಳಿಕೆಯ ಗುಟ್ಟು ಕಾರ್ಡಿನ ಸ್ವಂತ ಮೆಮೊರಿಯಲ್ಲಿದೆ. ರೊಟ್ಟಿ ಮಾಡುವಾಗ ಹಿಟ್ಟು, ನೀರು, ಬಡಿಯುವ ಹಲಗೆ ಎಲ್ಲಾ ಕಟ್ಟೆಯ ಮೇಲೆಯೇ ಇದ್ದರೆ ಕೈ ನಿಲ್ಲುವುದಿಲ್ಲ. ಕಟ್ಟೆ ಸಣ್ಣದಾದರೆ ಪ್ರತಿ ರೊಟ್ಟಿಗೂ ಒಳಕೋಣೆಗೆ ಓಡಬೇಕು. ಅಷ್ಟರಲ್ಲಿ ಹಂಚಿನ ಮೇಲಿನದು ಸೀದುಹೋಗುತ್ತದೆ. ಮೆಮೊರಿ ಸಾಲದಿದ್ದರೆ ಆಟವೂ ಹಾಗೆಯೇ ತಡವರಿಸಿ ನಿಲ್ಲುತ್ತದೆ. ಆಟದ ಚಿತ್ರಗಳ ಅಂದವನ್ನು ಕಡಿಮೆ ಮಾಡಿಕೊಂಡು ಕೆಲವು ವರ್ಷ ದೂಡಬಹುದು, ಆದರೆ ಮೆಮೊರಿಯನ್ನು ಆಮೇಲೆ ಕೂಡಿಸಲಿಕ್ಕೆ ಬರುವುದಿಲ್ಲ. 2025ರ ಮೇನಲ್ಲಿ ಬಂದ ‘ಡೂಮ್: ದಿ ಡಾರ್ಕ್ ಏಜಸ್’ ಎಂಬ ಆಟ ಕನಿಷ್ಠ 8 ಜಿಬಿ ಕೇಳುತ್ತದೆ. ಆದ್ದರಿಂದ ಇಂದು ಕೊಳ್ಳುವವರು 8 ಜಿಬಿಗಿಂತ ಇಳಿಯಬೇಡಿ. 12 ಸಿಕ್ಕರೆ ಇನ್ನೂ ಒಳ್ಳೆಯದು.

ಹೆಸರಿನ ಅಂಕಿ ನೋಡಿ ಮೋಸಹೋಗಬೇಡಿ. ಎನ್‌ವಿಡಿಯಾದ ಆರ್‌ಟಿಎಕ್ಸ್ 3060 ಕಾರ್ಡು 2021ರಲ್ಲಿ 12 ಜಿಬಿ ಇಟ್ಟುಕೊಂಡು ಬಂತು. 2023ರಲ್ಲಿ ಬಂದ 4060ಕ್ಕೆ 8 ಜಿಬಿಯೇ! ಹೊಸದು ಚುರುಕು, ಕರೆಂಟೂ ಕಡಿಮೆ ಸಾಕು. ಆದರೆ ಕಟ್ಟೆ ಸಣ್ಣದು. 3060ರಲ್ಲೇ 8 ಜಿಬಿಯದೂ ಒಂದುಂಟು. 2025ರ 5060 ಟಿಐ ಮತ್ತು ಎಎಂಡಿಯವರ ಆರ್‌ಎಕ್ಸ್ 9060 ಎಕ್ಸ್‌ಟಿ ಕೂಡ 8 ಮತ್ತು 16 ಜಿಬಿ ಎಂದು ಎರಡು ಬಗೆ. ಡಬ್ಬದ ಮೇಲಿನ ಜಿಬಿ ಓದದೆ ರೊಕ್ಕ ಎಣಿಸಬೇಡಿ. ಇಂಟೆಲ್ ಆರ್ಕ್ ಬಿ580ಕ್ಕೆ 12 ಜಿಬಿ ಇದೆ, ಆದರೆ ಹಳೆಯ ಕಂಪ್ಯೂಟರಿಗೆ ಅದು ಚೆನ್ನಾಗಿ ಹೊಂದುವುದಿಲ್ಲ.

ಇನ್ನು ಎಸ್‌ಎಂಪಿಎಸ್. 3060ಕ್ಕೆ 170 ವ್ಯಾಟ್, 4060ಕ್ಕೆ 115 ವ್ಯಾಟ್ ಬೇಕು. ಎರಡಕ್ಕೂ 550 ವ್ಯಾಟಿನ ಎಸ್‌ಎಂಪಿಎಸ್ ಇರಲಿ ಎಂದು ಕಂಪನಿಯೇ ಹೇಳುತ್ತದೆ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದದ್ದನ್ನು ನಂಬಬೇಡಿ. ನಿಮ್ಮ 25 ಸಾವಿರದಲ್ಲಿ ನಾಲ್ಕೈದು ಸಾವಿರವನ್ನು ಇದಕ್ಕೆಂದೇ ಮೊದಲು ತೆಗೆದಿಡಿ, ಉಳಿದದ್ದರಲ್ಲಿ ಕಾರ್ಡು ನೋಡಿ. ಇದನ್ನು ಬದಲಿಸಲು ಆಗುವುದೇ ಇಲ್ಲವೆನ್ನುವವರಿಗೆ ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡಿದೆ. 70 ವ್ಯಾಟ್ ಸಾಕು, ಸಾಮಾನ್ಯವಾಗಿ ಬೇರೆ ವೈರು ಬೇಡ. ಅದು ಸಣ್ಣ ಆಟಗಳ ಮಟ್ಟಿಗೆ ಸರಿ, ದೊಡ್ಡ ಆಸೆ ಇಟ್ಟುಕೊಳ್ಳಬಾರದು. ಕ್ಯಾಬಿನೆಟ್ಟಿನ ಒಳ ಅಳತೆಯನ್ನೂ ಹಿಡಿಯಿರಿ; ಕಾರ್ಡು ಉದ್ದವಾಗಿ ಕೂರದಿದ್ದರೆ ವಾಪಸು ತಿರುಗಬೇಕಾಗುತ್ತದೆ. ಹೊಲಿಗೆಯ ಟೇಪು ನನಗೆ ಅಲ್ಲಿಯೂ ಉಪಯೋಗಕ್ಕೆ ಬಂತು!

ಬಳಸಿದ ಕಾರ್ಡೆಲ್ಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ 2022ರ ಸೆಪ್ಟೆಂಬರಿನವರೆಗೆ ಎಥೀರಿಯಮ್ ಎಂಬ ಕಂಪ್ಯೂಟರ್ ನಾಣ್ಯ ಗಳಿಸಲು ಹಗಲು ರಾತ್ರಿ ದುಡಿಸಿದ ಕಾರ್ಡುಗಳು, ಆ ಪದ್ಧತಿ ಬದಲಾದ ಮೇಲೆ ರಾಶಿ ರಾಶಿ ಮಾರಾಟಕ್ಕೆ ಬಂದವು. ಗಾಣಕ್ಕೆ ಕಟ್ಟಿದ ಎತ್ತನ್ನು ಮೈ ತೊಳೆದು ಸಂತೆಗೆ ತಂದ ಹಾಗೆ! 2016ರ ಜಿಟಿಎಕ್ಸ್ 1060 ಬಹಳ ವರ್ಷ ಬಾಳಿದ ಕಾರ್ಡು, ನಿಜ. ಆದರೆ ಅದರ ಸಾಲಿನ ಕಾರ್ಡುಗಳಿಗೆ ಹೊಸ ಆಟಗಳಿಗೆಂದು ಒದಗಿಸುವ ಡ್ರೈವರುಗಳನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿತು. ಹಳೆಯದು ಕೊಂಡರೂ ಬಿಲ್ಲು ಮತ್ತು ಉಳಿದ ವಾರಂಟಿ ಇರುವುದನ್ನೇ, ಅರ್ಧ ಗಂಟೆ ಆಟ ಓಡಿಸಿ ನೋಡಿ ಕೊಳ್ಳಿ. ಹೊಸದಕ್ಕೆ ಸಾಮಾನ್ಯವಾಗಿ 3 ವರ್ಷ ವಾರಂಟಿ ಇರುತ್ತದೆ. ಬಿಲ್ಲನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ. ಬೆಲೆ ವಾರವಾರ ಏರಿಳಿಯುತ್ತದೆ, ಒಂದೇ ದಿನ ಎರಡು ಮೂರು ಕಡೆ ವಿಚಾರಿಸಿ.

ಕೊಂಡ ಮೇಲೆ ಬಾಳಿಸುವುದು ನಮ್ಮ ಕೈಯಲ್ಲಿದೆ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ತೊಗರಿ ರಾಶಿಯ ದಿನಗಳಲ್ಲಿ ಧೂಳೋ ಧೂಳು. ಕ್ಯಾಬಿನೆಟ್ಟನ್ನು ನೆಲದ ಮೇಲೆ, ಗೋಡೆಗೆ ಒತ್ತಿ ಇಡಬೇಡಿ. ಎರಡು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು, ಧೂಳು ಊದಿ ತೆಗೆಯಿರಿ. ಒದ್ದೆ ಬಟ್ಟೆ ಬೇಡವೇ ಬೇಡ. ಕರೆಂಟು ಹೋಗಿ ಬರುವ ಮನೆಗಳಲ್ಲಿ ಯುಪಿಎಸ್ ಇದ್ದರೆ ಕ್ಷೇಮ.

ಎರಡನೆಯ ಸಲ ನಾನು ಯಜಮಾನರಿಗೆ ಮೊದಲೇ ಹೇಳಿದೆ. “ಆಟದ ಸಾಮಾನಿಗೆ ಇಷ್ಟು ರೊಕ್ಕ ಸುರೀತಾರೇನು?” ಎಂದರು. ನೋಟ್‌ಬುಕ್ಕು ಮುಂದಿಟ್ಟೆ. ಓದಿ ಸುಮ್ಮನಾದರು, ಮರುದಿನ ಅವರೇ ಅಂಗಡಿಗೆ ಬಂದರು. ಚೀಟಿ ಎತ್ತಿದ 30 ಸಾವಿರದಲ್ಲಿ 12 ಜಿಬಿಯ 3060 ಮತ್ತು ಹೊಸ ಎಸ್‌ಎಂಪಿಎಸ್ ಬಂದವು. ದಿನಕ್ಕೆ ಒಂದೂವರೆ ತಾಸು, ಪರೀಕ್ಷೆ ಹತ್ತಿರ ಬಂದರೆ ಬಂದ್ ಎಂದು ಮಗನೇ ಒಪ್ಪಿದ. ಈಗ ಎರಡು ಬೇಸಿಗೆ ದಾಟಿದೆ, ಕಾರ್ಡು ಗಟ್ಟಿಯಾಗಿದೆ. ಧೂಳು ತೆಗೆಯುವ ದಿನವನ್ನು ಮಗನೇ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾನೆ.

ಆದ್ದರಿಂದ ತಂಗೀ, ಕಾರ್ಡಿಗಿಂತ ಮೊದಲು ಮನೆಯವರಿಗೆ ಮಾತು ತಿಳಿಸಿ. ಮುಚ್ಚಿಟ್ಟು ಕೊಂಡದ್ದು ಕೆಟ್ಟರೆ ಎರಡು ಸಲ ಕೆಟ್ಟಂತೆ. ಮುಂದಿನ ಸಂಚಿಕೆಯಲ್ಲಿ ಮತ್ತೆ ಕೂಡೋಣ, ಬರಲೇ?